ಪರದೆಯ ಮೇಲೆ ಸರಿ, ಕಾಗದದ ಮೇಲೆ ತಪ್ಪು: ಪುಸ್ತಕದ ಆರ್ಟ್‌ವರ್ಕಿನಲ್ಲಿ ದೋಷ ಹುಡುಕುವ ಬಗೆ

ಪುಸ್ತಕ ಪ್ರೆಸ್ಸಿನಿಂದ ಬಂದಿದೆ. ಮುಖಪುಟದ ನೀಲಿ ನೇರಳೆಯಾಗಿದೆ, ಇಲ್ಲವೇ ಬೆನ್ನುಡಿಯ ಬಿಳಿ ಅಕ್ಷರ ಮಾಯವಾಗಿದೆ, ಇಲ್ಲವೇ ಒಳಪುಟವೊಂದರಲ್ಲಿ ಒತ್ತಕ್ಷರಗಳು ಕಳಚಿ ಬಿದ್ದಿವೆ. ಡಿಟಿಪಿ ಮಾಡಿದವರು ಪ್ರೆಸ್ಸಿನ ಕಡೆ ಕೈ ತೋರಿಸುತ್ತಾರೆ, ಪ್ರೆಸ್ಸಿನವರು ಫೈಲಿನ ಕಡೆ. ಮರುಮುದ್ರಣದ ಖರ್ಚು ಯಾರ ತಲೆಗೆ ಎಂದು ತಿಳಿಯದೆ ಪ್ರಕಾಶಕರು ನಡುವೆ ಸಿಕ್ಕಿಕೊಳ್ಳುತ್ತಾರೆ.

ಆರ್ಟ್‌ವರ್ಕ್ ಕಾಗದಕ್ಕೆ ಬರುವ ಮುನ್ನ ನಾಲ್ಕು ಹಂತ ದಾಟುತ್ತದೆ: ಮೂಲ ಫೈಲು, ಪಿಡಿಎಫ್, ಪ್ಲೇಟು (ಬಣ್ಣಕ್ಕೊಂದರಂತೆ ಪುಟದ ಅಚ್ಚು ಮೂಡಿಸಿದ ತಗಡು), ಯಂತ್ರ. ಯಾವ ಹಂತದಲ್ಲಿ ಕೆಟ್ಟಿತು ಎಂದು ಗೊತ್ತುಮಾಡಿಕೊಳ್ಳದೆ ಮೂಲ ಫೈಲು ತೆರೆದು ತಿದ್ದಲು ಕೂತರೆ, ಇದ್ದ ದೋಷ ಉಳಿದು ಇನ್ನೊಂದು ಹೊಸದು ಸೇರಿಕೊಳ್ಳುತ್ತದೆ. ಅದಕ್ಕೇ ಹುಡುಕಾಟ ಕಾಗದದಿಂದ ಹಿಂದಕ್ಕೆ ಸಾಗಬೇಕು. ಇಲ್ಲಿ ಹೇಳುವುದೆಲ್ಲ ಆಫ್‌ಸೆಟ್‌ನಲ್ಲಿ ಅಚ್ಚಾಗುವ ಕನ್ನಡ ಪುಸ್ತಕವನ್ನು, ಅಂದರೆ ನುಣುಪು ಲೇಪದ ಆರ್ಟ್ ಕಾರ್ಡಿನ ಮೇಲೆ ನಾಲ್ಕು ಬಣ್ಣದ ಮುಖಪುಟ ಮತ್ತು ಲೇಪವಿಲ್ಲದ ಕಾಗದವಾದ ಮ್ಯಾಪ್‌ಲಿಥೊ ಮೇಲೆ ಒಂದೇ ಬಣ್ಣದ ಒಳಪುಟವನ್ನು, ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಪೋಸ್ಟರ್, ಆಹ್ವಾನ ಪತ್ರಿಕೆ, ಕ್ಯಾಲೆಂಡರಿಗೂ ಬಹುಪಾಲು ಹೊಂದುತ್ತದೆ.

ಮೊದಲು ಸಾಕ್ಷ್ಯ ಕೂಡಿಸಿ

ಪ್ರೆಸ್ಸಿಗೆ ಫೋನ್ ಮಾಡಿ, "ಸರ್, ಕಟಿಂಗ್ ಆಗದ ಒಂದು ಶೀಟ್ ಇದ್ದರೆ ಎತ್ತಿಡಿ" ಎಂದು ಕೇಳಿ. ಬೈಂಡಿಂಗ್ ಮುಗಿದ ಪುಸ್ತಕದಲ್ಲಿ ಸಿಗದ ಸಾಕ್ಷ್ಯವೆಲ್ಲ ಆ ಶೀಟಿನ ಅಂಚಿನಲ್ಲಿರುತ್ತದೆ: ಬಣ್ಣ ಕೂಡಿಸುವ ಪ್ಲಸ್ ಗುರುತುಗಳು, ಕಟಿಂಗ್ ಗೆರೆಗಳು, ನಾಲ್ಕು ಶಾಯಿಗಳ ಬಣ್ಣದ ಪಟ್ಟಿ. ಜೊತೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಲೂಪ್ ಬೇಕು. ಪ್ರೆಸ್ಸಿಗೆ ಕಳಿಸಿದ್ದ ಅದೇ ಪಿಡಿಎಫ್ ಕೂಡ ಬೇಕು. ಈಗ ಹೊಸದಾಗಿ ತೆಗೆದ ಪಿಡಿಎಫ್ ಸಾಕ್ಷ್ಯವಾಗುವುದಿಲ್ಲ. ಇಮೇಲಿನಲ್ಲಿ ಹೋದ ಪ್ರತಿಯನ್ನೇ ಇಳಿಸಿಕೊಳ್ಳಿ.

ನಂತರ ಹತ್ತಿಪ್ಪತ್ತು ಪ್ರತಿಗಳನ್ನು ಮಗುಚಿ ನೋಡಿ. ದೋಷ ಎಲ್ಲ ಪ್ರತಿಗಳಲ್ಲೂ ಒಂದೇ ಜಾಗದಲ್ಲಿ, ಒಂದೇ ರೂಪದಲ್ಲಿದ್ದರೆ ಅದು ಫೈಲಿನದ್ದು ಇಲ್ಲವೇ ಪ್ಲೇಟಿನದ್ದು. ಒಂದು ಪ್ರತಿಯಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ ಎಂದಾದರೆ ಯಂತ್ರದ್ದು. ಈ ಒಂದು ಪರೀಕ್ಷೆ ಅರ್ಧ ಜಗಳವನ್ನು ಅಲ್ಲೇ ಮುಗಿಸುತ್ತದೆ.

ಪ್ಲಸ್ ಗುರುತನ್ನು ಲೂಪಿನಲ್ಲಿ ನೋಡಿ. ಅದು ಒಂದೇ ಕಪ್ಪು ಗೆರೆಯಾಗಿ ಕಂಡರೆ ನಾಲ್ಕೂ ಬಣ್ಣ ಸರಿಯಾಗಿ ಕೂತಿವೆ. ಒಂದರ ಪಕ್ಕ ಒಂದು ಬಣ್ಣದ ಗೆರೆ ಇಣುಕಿದರೆ ರಿಜಿಸ್ಟ್ರೇಷನ್ ಔಟ್ ಆಗಿದೆ. ಗುರುತು ಸರಿಯಾಗಿದ್ದೂ ಅಕ್ಷರದ ಸುತ್ತ ಬಣ್ಣದ ನೆರಳು ಕಂಡರೆ ತಪ್ಪು ಫೈಲಿನೊಳಗಿದೆ.

ಆಮೇಲೆ ಪಿಡಿಎಫ್. ಅಕ್ರೊಬ್ಯಾಟ್ ಪ್ರೊದಲ್ಲಿ ಪ್ರಿಂಟ್ ಪ್ರೊಡಕ್ಷನ್ ವಿಭಾಗದ ಔಟ್‌ಪುಟ್ ಪ್ರಿವ್ಯೂ ತೆರೆದರೆ ಸಿಯಾನ್, ಮಜೆಂಟಾ, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟುಗಳನ್ನು ಒಂದೊಂದಾಗಿ ಆರಿಸಿ ಹೊತ್ತಿಸಬಹುದು. ಕಾಗದದ ಮೇಲಿನ ದೋಷ ಇಲ್ಲಿಯೂ ಕಂಡರೆ ಮೂಲ ಫೈಲಿಗೆ ಹೋಗಿ. ಇಲ್ಲಿ ಕಾಣದಿದ್ದರೆ, ಪ್ಲೇಟು ತೆಗೆಯುವ ಮುನ್ನ ಅವರ ಆರ್‌ಐಪಿ (ಪುಟವನ್ನು ಪ್ಲೇಟಿನ ಚುಕ್ಕಿಗಳಾಗಿ ಮಾಡುವ) ತಂತ್ರಾಂಶ ಪುಟವನ್ನು ಹೇಗೆ ಓದಿತು ಎಂದು ತೋರಿಸುವಂತೆ ಪ್ರೆಸ್ಸಿನವರನ್ನು ಕೇಳಿ. ಪ್ಲೇಟ್ ತೆಗೆಯುವ ಕೇಂದ್ರಗಳಲ್ಲಿ ಆ ಪ್ರಿವ್ಯೂ ಸಿಗುತ್ತದೆ, ಕೇಳುವವರು ಕಡಿಮೆ ಅಷ್ಟೆ.

ಕನ್ನಡ ಅಕ್ಷರ ಒಡೆದಾಗ

ಇಂಗ್ಲಿಷ್ ಪುಸ್ತಕ ಮಾಡುವವರಿಗೆ ಇಲ್ಲದ ಕಷ್ಟ ನಮಗಿದೆ. ನಮ್ಮ ಲಿಪಿಯಲ್ಲಿ ಅಕ್ಷರಗಳು ಸಾಲಾಗಿ ನಿಲ್ಲುವುದಿಲ್ಲ, ಒಂದರ ಕೆಳಗೆ ಒಂದು ಸೇರುತ್ತವೆ. ಆ ಸೇರುವಿಕೆಯನ್ನು ತಂತ್ರಾಂಶ ಮಾಡಬೇಕು. ಅದು ಮಾಡದೆ ಹೋದಾಗ ಏನು ಕಾಣುತ್ತದೆ ಎಂಬುದರಿಂದಲೇ ಕಾರಣ ಹಿಡಿಯಬಹುದು.

ಪುಟದ ತುಂಬ ಇಂಗ್ಲಿಷ್ ದೊಡ್ಡಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹೊತ್ತ ಎ ಅಕ್ಷರಗಳು ಕಂಡರೆ ಅದು ಯೂನಿಕೋಡ್ (ಎಲ್ಲ ಕಡೆ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲದ ಫಾಂಟಿನ ಪಠ್ಯ. ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿವೆ. ಫಾಂಟು ಇದ್ದಷ್ಟು ಹೊತ್ತು ಕನ್ನಡ, ಫಾಂಟು ತಪ್ಪಿದೊಡನೆ ಕೆಳಗಿದ್ದ ಸಂಕೇತ ಬಯಲಾಗುತ್ತದೆ. ಪಿಡಿಎಫ್ ತೆರೆದು ಕಂಟ್ರೋಲ್ ಮತ್ತು ಡಿ ಒತ್ತಿ, ಫಾಂಟ್ಸ್ ಪಟ್ಟಿ ನೋಡಿ. ಪ್ರತಿ ಫಾಂಟಿನ ಹೆಸರಿನ ಮುಂದೆ ಎಂಬೆಡೆಡ್ ಎಂದೋ ಎಂಬೆಡೆಡ್ ಸಬ್‌ಸೆಟ್ ಎಂದೋ ಇರಲೇಬೇಕು, ಅಂದರೆ ಫಾಂಟು ಪಿಡಿಎಫ್ ಒಳಗೇ ಸೇರಿರಬೇಕು. ಒಂದೇ ಒಂದು ಹೆಸರಿಗೆ ಅದು ಇಲ್ಲದಿದ್ದರೂ ಪ್ಲೇಟು ತೆಗೆಯುವ ಕಂಪ್ಯೂಟರು ತನಗೆ ತೋಚಿದ ಫಾಂಟನ್ನು ಅಲ್ಲಿ ಹಾಕುತ್ತದೆ. ಪ್ರೆಸ್ಸಿಗೆ ಪಿಡಿಎಫ್ ಬದಲು ಪೇಜ್‌ಮೇಕರ್ ಅಥವಾ ಕೋರೆಲ್‌ಡ್ರಾ ಫೈಲನ್ನೇ ಕೊಡುವ ರೂಢಿ ಇರುವ ಕಡೆ ಈ ದೋಷ ಮತ್ತೆ ಮತ್ತೆ ಬರುತ್ತದೆ. ಆ ರೂಢಿ ಬಿಡುವುದೇ ಮದ್ದು.

ಪಠ್ಯದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಕಂಡರೆ ದಿಕ್ಕು ತಿರುಗಿದೆ ಎಂದರ್ಥ. ಲೇಖಕರು ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಟ್ಟಿದ್ದನ್ನು ಪೇಜ್‌ಮೇಕರಿಗೆ ಪೇಸ್ಟ್ ಮಾಡಲಾಗಿದೆ. 2001ರಲ್ಲಿ ಬಂದ ಪೇಜ್‌ಮೇಕರ್ 7 ಅದರ ಕೊನೆಯ ಮುಖ್ಯ ಆವೃತ್ತಿ. ಯೂನಿಕೋಡ್ ಅದಕ್ಕೆ ಗೊತ್ತೇ ಇಲ್ಲ.

ಅಕ್ಷರಗಳು ಕನ್ನಡವೇ, ಆದರೆ 'ಕನ್ನಡ' ಹೋಗಿ 'ಕನ್‌ನಡ', 'ರಾಷ್ಟ್ರ' ಹೋಗಿ 'ರಾಷ್‌ಟ್‌ರ' ಆಗಿದ್ದರೆ ಫಾಂಟಿನ ತಪ್ಪಲ್ಲ, ಅಕ್ಷರ, ಸಾಲು ಜೋಡಿಸುವ ಕಂಪೋಸರ್ ತಪ್ಪು. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಜಸ್ಟಿಫಿಕೇಷನ್ ವಿಭಾಗದಲ್ಲಿ ಕಂಪೋಸರ್ ಯಾವುದಿದೆ ನೋಡಿ. ಸಾದಾ ಅಡೋಬ್ ಪ್ಯಾರಾಗ್ರಾಫ್ ಕಂಪೋಸರ್ ಇದ್ದರೆ ಅದು ಒತ್ತಕ್ಷರ ಕೂಡಿಸುವುದಿಲ್ಲ; ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್ ಆರಿಸಿ. ಪುಸ್ತಕದ ಮುಖ್ಯ ಪಠ್ಯ ಸರಿಯಿದ್ದು ಅಡಿಟಿಪ್ಪಣಿ, ಪುಟದ ತಲೆಬರಹ, ಚಿತ್ರದ ಕೆಳಗಿನ ವಿವರಗಳಲ್ಲಿ ಮಾತ್ರ ಒತ್ತು ಕಳಚಿರುವುದುಂಟು. ಅವುಗಳ ಸ್ಟೈಲ್ ಬೇರೆ, ಅದರಲ್ಲಿ ಕಂಪೋಸರ್ ಬದಲಾಗಿಲ್ಲ. ಬೇಸಿಕ್ ಪ್ಯಾರಾಗ್ರಾಫ್ ಸ್ಟೈಲಿನಲ್ಲೇ ಬದಲಿಸಿ, ಉಳಿದವನ್ನೆಲ್ಲ ಅದರ ಮೇಲೆ ಕಟ್ಟಿದರೆ ಈ ಕಾಟ ತಪ್ಪುತ್ತದೆ. ಕೋರೆಲ್‌ಡ್ರಾದ ಹಳೆಯ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಹೀಗೇ ಒಡೆಯುತ್ತದೆ, ಅಲ್ಲಿ ಸರಿಪಡಿಸುವ ಗುಂಡಿ ಇಲ್ಲ. ಹೊಸ ಆವೃತ್ತಿಗೆ ಹೋಗಬೇಕು, ಇಲ್ಲವೇ ಪಠ್ಯವನ್ನು ಬೇರೆ ತಂತ್ರಾಂಶದಲ್ಲಿ ಹೊಂದಿಸಿ ಪಿಡಿಎಫ್ ಆಗಿ ತರಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಕಣ್ಣಿಗೆ ಕಾಣದ ಜೋಡಕಗಳ ದೋಷ. 'ರ‍್ಯಾಂಕ್' ಎಂದು ಟೈಪಾಗಿದ್ದು ಪುಸ್ತಕದಲ್ಲಿ 'ರ್ಯಾಂಕ್' ಆಗಿ ಬರುತ್ತದೆ. ಮೊದಲನೆಯದರಲ್ಲಿ ರ ಪೂರ್ತಿಯಾಗಿ ನಿಂತು ಯ ಅದರ ಒತ್ತಾಗಿದೆ, ಎರಡನೆಯದರಲ್ಲಿ ಯ ಮುಂದೆ ಬಂದು ರ ಅರ್ಕಾವತ್ತಾಗಿದೆ. 'ಫೇಸ್‌ಬುಕ್' ಹೋಗಿ 'ಫೇಸ್ಬುಕ್', 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಆಗುವುದೂ ಇದೇ ಕಾರಣಕ್ಕೆ. ಶೂನ್ಯ ಅಗಲದ ಜೋಡಕ ಅಥವಾ ಬಿಡಕ ದಾರಿಯಲ್ಲಿ ಎಲ್ಲೋ ಉದುರಿದೆ. ಸಾಮಾನ್ಯವಾಗಿ ಪಠ್ಯವನ್ನು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸುವಾಗ, ಇಲ್ಲವೇ ಹಳೆಯ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಹೀಗಾಗುತ್ತದೆ. ಮೂಲ ಕಡತದಲ್ಲಿ ಪದ ಸರಿಯಾಗಿದ್ದು ವಿನ್ಯಾಸದ ಫೈಲಿನಲ್ಲಿ ಕೆಟ್ಟಿದ್ದರೆ ಒಂದೊಂದೇ ಪದ ತಿದ್ದಬೇಡಿ. ಪಠ್ಯವನ್ನು ಮತ್ತೆ ಸರಿಯಾಗಿ ಒಳತರುವುದೇ ಕಡಿಮೆ ಕೆಲಸ.

ಪರಿವರ್ತಿಸಿದ ಪಠ್ಯದಲ್ಲಿ ಇನ್ನೆರಡು ಜಾಗ ನೋಡಲೇಬೇಕು. ಶ್ರೀಲಿಪಿಯ ಸಂಕೇತ ಬೇರೆ, ನುಡಿಯದು ಬೇರೆ. ತಪ್ಪು ಪರಿವರ್ತಕ ಬಳಸಿದರೆ ಎಲ್ಲವೂ ಕೆಡುವುದರಿಂದ ಕೂಡಲೇ ಗೊತ್ತಾಗುತ್ತದೆ. ಗೊತ್ತಾಗದೇ ಉಳಿಯುವುದು ಪಠ್ಯದ ನಡುವಿನ ಇಂಗ್ಲಿಷ್ ಪದಗಳು. ಅವನ್ನೂ ಕನ್ನಡ ಸಂಕೇತ ಎಂದೇ ಭಾವಿಸಿ ಪರಿವರ್ತಕ ಅರ್ಥವಿಲ್ಲದ ಕನ್ನಡ ಅಕ್ಷರಗಳ ಗುಂಪಾಗಿ ಮಾಡಿಬಿಡುತ್ತದೆ. ಗ್ರಂಥಋಣದ ಪುಟಗಳನ್ನು ಒಂದೊಂದು ಸಾಲೂ ಓದಿ. ಇನ್ನೊಂದು, ಅನುಸ್ವಾರದ ಜಾಗದಲ್ಲಿ ಸೊನ್ನೆ. ಟೈಪ್ ಮಾಡುವವರು ಕೆಲವೊಮ್ಮೆ 'ಂ' ಬದಲು ಕನ್ನಡ ಅಂಕಿಯ '೦' ಒತ್ತಿರುತ್ತಾರೆ. ಒಂದು ಫಾಂಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಫಾಂಟು ಬದಲಿಸಿದ ದಿನ ಸೊನ್ನೆ ದೊಡ್ಡದಾಗಿಯೋ ದಪ್ಪವಾಗಿಯೋ ಎದ್ದು ನಿಲ್ಲುತ್ತದೆ. ಪುಸ್ತಕದುದ್ದಕ್ಕೂ '೦' ಹುಡುಕಿ, ಮುಂದೆ ಹಿಂದೆ ಅಂಕಿಯಿಲ್ಲದ ಕಡೆಯೆಲ್ಲ ಬದಲಿಸಿದರೆ ಮುಗಿಯಿತು.

ಮುಖಪುಟದ ದೊಡ್ಡ ಶೀರ್ಷಿಕೆಯಲ್ಲಿ ಒತ್ತು ಮತ್ತು ಮೇಲಿನ ಅಕ್ಷರ ಕೂಡುವ ಜಾಗದಲ್ಲಿ ಸಣ್ಣ ಬಿಳಿ ತೂತು ಕಂಡಿದೆಯೇ? ಕರ್ವ್ ಮಾಡಿದ್ದರ, ಅಂದರೆ ಅಕ್ಷರವನ್ನು ಫಾಂಟಿನಿಂದ ಬಿಡಿಸಿ ಬರೀ ಆಕಾರವಾಗಿಸಿದ್ದರ ಫಲ ಅದು. ಒಂದರ ಮೇಲೊಂದು ಹಾದ ಎರಡು ಆಕಾರಗಳನ್ನು ಕಂಬೈನ್ ಮಾಡಿದಾಗ ಎರಡೂ ಹಂಚಿಕೊಂಡ ಜಾಗ ಖಾಲಿಯಾಗುತ್ತದೆ. ಲ್ಯಾಟಿನ್ ಅಕ್ಷರಗಳಲ್ಲಿ ಇದು ಅಪರೂಪ. ಒತ್ತು, ಕೊಂಬು, ತಲೆಕಟ್ಟು ಒಂದಕ್ಕೊಂದು ತಾಗಿ ಬೆಳೆಯುವ ಕನ್ನಡದಲ್ಲಿ ಪದೇ ಪದೇ ಆಗುತ್ತದೆ. ಕೋರೆಲ್‌ಡ್ರಾದಲ್ಲಿ ಆ ಆಕಾರಗಳನ್ನು ಬಿಡಿಸಿ ವೆಲ್ಡ್ ಮಾಡಿ, ಇಲಸ್ಟ್ರೇಟರ್‌ನಲ್ಲಿ ಪಾತ್‌ಫೈಂಡರ್‌ನ ಯುನೈಟ್ ಬಳಸಿ. ಬಿಡಿಸುವಾಗ 'ಠ', 'ಥ', 'ಧ' ಮುಂತಾದವುಗಳ ಒಳಗಿನ ನಿಜವಾದ ತೂತು ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು. ಕರ್ವ್ ಮಾಡುವುದು ಮುಖಪುಟದ ಶೀರ್ಷಿಕೆಗೆ ಮಾತ್ರ ಸಾಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 300 ಪುಟದ ಒಳಪಠ್ಯವನ್ನೆಲ್ಲ ಕರ್ವ್ ಮಾಡಿ ಕೊಡಿ ಎಂದು ಕೇಳುವ ಪ್ರೆಸ್ಸುಗಳಿವೆ. ಫಾಂಟು ಸರಿಯಾಗಿ ಎಂಬೆಡ್ ಆದ ಪಿಡಿಎಫ್‌ಗೆ ಅದರ ಅಗತ್ಯವೇ ಇಲ್ಲ. ಕೊನೇ ಗಳಿಗೆಯಲ್ಲಿ ಒಂದು ಕಾಗುಣಿತ ತಿದ್ದುವ ದಾರಿಯನ್ನೂ ಅದು ಮುಚ್ಚಿಹಾಕುತ್ತದೆ.

ಅಕ್ಷರದ ಹೊಟ್ಟೆ ತುಂಬಿ ಮಸಿಯಾಗಿದ್ದರೆ, ಬೋಲ್ಡ್ ಇಲ್ಲದ ಫಾಂಟಿಗೆ ಔಟ್‌ಲೈನ್ ಬಳಿದು ದಪ್ಪ ಮಾಡಿರುವ ಸಾಧ್ಯತೆ ಹೆಚ್ಚು. ಔಟ್‌ಲೈನ್ ಹೊರಕ್ಕೂ ಬೆಳೆಯುತ್ತದೆ, ಒಳಕ್ಕೂ ಬೆಳೆಯುತ್ತದೆ. ಮ್ಯಾಪ್‌ಲಿಥೊ ಶಾಯಿ ಹೀರಿ ಇನ್ನಷ್ಟು ಹರಡಿದಾಗ 'ಕ್ಷ', 'ಜ್ಞ', 'ತ್ತ್ವ' ಓದಲಾಗುವುದಿಲ್ಲ. ನಿಜವಾದ ಬೋಲ್ಡ್ ಇರುವ ಫಾಂಟ್ ಕುಟುಂಬ ಆರಿಸಿಕೊಳ್ಳುವುದು ಒಂದೇ ಪರಿಹಾರ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತಿದ್ದರೆ ಸಾಲಿನ ಅಂತರ ಸಾಲದು. ಇಂಗ್ಲಿಷಿಗೆಂದು ತಂತ್ರಾಂಶ ತಾನೇ ಇಡುವ ಅಂತರ, ಅಕ್ಷರ ಗಾತ್ರದ ಶೇಕಡಾ 120, ಕನ್ನಡಕ್ಕೆ ಇಕ್ಕಟ್ಟು. 12 ಪಾಯಿಂಟ್ ಅಕ್ಷರಕ್ಕೆ 17 ಅಥವಾ 18 ಪಾಯಿಂಟ್ ಅಂತರವಿದ್ದರೆ ವತ್ತುಗಳು ಉಸಿರಾಡುತ್ತವೆ.

ಒಂದು ಎಚ್ಚರಿಕೆ: ಪಿಡಿಎಫ್‌ನಿಂದ ಕನ್ನಡವನ್ನು ಕಾಪಿ ಮಾಡಿ ವಾಟ್ಸಾಪಿಗೆ ಪೇಸ್ಟ್ ಮಾಡಿದಾಗ ಅಕ್ಷರ ಅದಲುಬದಲಾದರೆ ಅದು ಮುದ್ರಣದ ದೋಷವಲ್ಲ. ಪಿಡಿಎಫ್ ಆಕಾರವನ್ನು ಕಾಪಾಡುತ್ತದೆ, ಅಕ್ಷರಕ್ರಮವನ್ನು ಯಾವಾಗಲೂ ಕಾಪಾಡುವುದಿಲ್ಲ. ಆದ್ದರಿಂದ ಕರಡು ತಿದ್ದುವವರು ಪಿಡಿಎಫ್‌ನಿಂದ ಎತ್ತಿದ ಪಠ್ಯವನ್ನು ಮರಳಿ ವಿನ್ಯಾಸಕ್ಕೆ ಸೇರಿಸಲೇಬಾರದು.

ಕಪ್ಪು ಎಂಬುದು ಒಂದೇ ಅಲ್ಲ

ಒಳಪುಟದ ಅಕ್ಷರ ಸೊರಗಿದಂತೆ ಕಂಡರೆ ಲೂಪ್ ಹಿಡಿಯಿರಿ. ಅಕ್ಷರದ ಅಂಚು ನುಣುಪಾಗಿದ್ದು ಬರೀ ತೆಳುವಾಗಿದ್ದರೆ ಶಾಯಿ ಕಡಿಮೆಯಾಗಿದೆ, ಪ್ರೆಸ್ಸಿಗೆ ಹೇಳಿ. ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕಿಗಳು ಕಂಡರೆ ಆ ಅಕ್ಷರ ಪೂರ್ತಿ ಕಪ್ಪಾಗಿಲ್ಲ, ಬೂದು. ಇದು ಬರುವ ದಾರಿ ಹೀಗೆ: ಪರದೆಯ ಕಪ್ಪನ್ನು ಫೋಟೊಶಾಪ್ ಅಮೆರಿಕದ ಸ್ವಾಪ್ ಪ್ರೊಫೈಲಿನಲ್ಲಿ (ಬಣ್ಣ ತಿರುಗಿಸುವ ಲೆಕ್ಕಪಟ್ಟಿ) ಸಿಎಂವೈಕೆಗೆ, ಅಂದರೆ ನಾಲ್ಕು ಶಾಯಿಗಳ ಲೆಕ್ಕಕ್ಕೆ, ತಿರುಗಿಸಿದಾಗ ಸಿಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90 ಆಗುತ್ತದೆ. ನಾಲ್ಕು ಬಣ್ಣದಲ್ಲಿ ಅಚ್ಚಾದರೆ ಅದು ಗಾಢ ಕಪ್ಪೇ. ಒಂದೇ ಬಣ್ಣದ ಪುಸ್ತಕದಲ್ಲಿ ಮೊದಲ ಮೂರು ಪ್ಲೇಟು ಬಿಟ್ಟುಹೋಗಿ ಶೇಕಡಾ 90ರ ಕಪ್ಪು ಮಾತ್ರ ಉಳಿಯುತ್ತದೆ, ಅದನ್ನು ಚುಕ್ಕಿಗಳಾಗಿಯೇ ಪ್ಲೇಟಿಗೆ ಇಳಿಸಬೇಕಾಗುತ್ತದೆ. ವರ್ಡ್ ಫೈಲಿನಿಂದ ಬಂದ ಪಠ್ಯದಲ್ಲಿ ಬಣ್ಣ ಆರ್‌ಜಿಬಿ (ಪರದೆಯ ಕೆಂಪು-ಹಸಿರು-ನೀಲಿ ಲೆಕ್ಕ) ಆಗಿಯೇ ಉಳಿದಿರುತ್ತದೆ. ಇನ್‌ಡಿಸೈನ್‌ನ ಸ್ವಾಚಸ್ ಫಲಕದಲ್ಲಿ ವರ್ಡ್ ಹೆಸರು ಹೊತ್ತ ಬಣ್ಣ ಕಂಡರೆ ಅದನ್ನು ಅಳಿಸಿ, ಬದಲಿಗೆ ಬ್ಲ್ಯಾಕ್ ಆರಿಸಿ.

ಮುಖಪುಟದಲ್ಲಿ ಇದೇ ತಪ್ಪಿನ ಮುಖ ಬೇರೆ. ಬೆನ್ನುಡಿಯ ಸಣ್ಣ ಕಪ್ಪು ಅಕ್ಷರಗಳು ನಾಲ್ಕು ಬಣ್ಣದಲ್ಲಿ ಬಿದ್ದಿದ್ದರೆ ಕೂದಲೆಳೆಯಷ್ಟು ರಿಜಿಸ್ಟ್ರೇಷನ್ ಸರಿದರೂ ಒತ್ತಕ್ಷರದ ಸುತ್ತ ಕೆಂಪು, ನೀಲಿ ನೆರಳು ಏಳುತ್ತದೆ. ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪು ಪ್ಲೇಟನ್ನು ಆಫ್ ಮಾಡಿ ನೋಡಿ. ಅಕ್ಷರಗಳು ಪೂರ್ತಿ ಮಾಯವಾಗಬೇಕು. ಕಂದು ಬಣ್ಣದಲ್ಲಿ ಇನ್ನೂ ಕಾಣುತ್ತಿದ್ದರೆ ದೋಷ ಸಿಕ್ಕಿತು. ಫೋಟೊಶಾಪ್‌ನಲ್ಲೇ ಇಡೀ ಮುಖಪುಟ ಮಾಡಿ ಜೆಪೆಗ್ ಆಗಿ ಉಳಿಸಿದ್ದರೆ ಇದನ್ನು ಬಿಡಿಸಿ ಸರಿಪಡಿಸುವುದು ಕಷ್ಟ. ಚಿತ್ರ ಮಾತ್ರ ಫೋಟೊಶಾಪ್‌ನಲ್ಲಿರಲಿ, ಅಕ್ಷರ ಇನ್‌ಡಿಸೈನ್ ಅಥವಾ ಇಲಸ್ಟ್ರೇಟರ್‌ನಲ್ಲಿ ಕೂರಲಿ.

ತದ್ವಿರುದ್ಧವಾಗಿ, ಮುಖಪುಟದ ದೊಡ್ಡ ಕಪ್ಪು ಹಿನ್ನೆಲೆಗೆ ಬರೀ 100 ಕಪ್ಪು ಕೊಟ್ಟರೆ ಅದು ಇದ್ದಿಲ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಸಿಯಾನ್ 60, ಮಜೆಂಟಾ 40, ಹಳದಿ 40, ಕಪ್ಪು 100 ಕೊಟ್ಟರೆ ಆಳ ಬರುತ್ತದೆ. ಒಟ್ಟು 240, ಯಾವ ಆರ್ಟ್ ಕಾರ್ಡೂ ತಾಳುತ್ತದೆ. ಆ ಹಿನ್ನೆಲೆಯ ಮೇಲೆ ಸಣ್ಣ ಬಿಳಿ ಅಕ್ಷರ ಬರುವುದಾದರೆ ಮಾತ್ರ ನಾನು ಸಿಯಾನ್ 40, ಕಪ್ಪು 100ಕ್ಕೆ ನಿಲ್ಲಿಸುತ್ತೇನೆ. ಕೂಡಬೇಕಾದ ಬಣ್ಣ ಕಡಿಮೆಯಾದಷ್ಟೂ ಒತ್ತಕ್ಷರ ಉಳಿಯುತ್ತದೆ. ಶೀಟಿನ ಹಿಂಬದಿಗೆ ಶಾಯಿ ಅಂಟಿ ಕಲೆಯಾಗಿದ್ದರೆ ಒಟ್ಟು ಶಾಯಿ ಎಷ್ಟಿತ್ತು ಎಂದು ಅಳೆಯಿರಿ. ಔಟ್‌ಪುಟ್ ಪ್ರಿವ್ಯೂದ ಟೋಟಲ್ ಏರಿಯಾ ಕವರೇಜ್‌ನಲ್ಲಿ 300 ಎಂದು ಮಿತಿ ಹಾಕಿದರೆ ಮೀರಿದ ಜಾಗಗಳು ಬೇರೆ ಬಣ್ಣದಲ್ಲಿ ಹೊಳೆಯುತ್ತವೆ. 400 ತೋರಿಸಿದರೆ, ಕಟಿಂಗ್ ಗುರುತಿಗೆಂದು ಇರುವ ರಿಜಿಸ್ಟ್ರೇಷನ್ ಎಂಬ ಸ್ವಾಚನ್ನು ಯಾರೋ ಕಪ್ಪೆಂದು ತಿಳಿದು ಹಿನ್ನೆಲೆಗೆ ಹಾಕಿದ್ದಾರೆ.

ಬಣ್ಣ ಬದಲಾದಾಗ

ಪರದೆ ಬೆಳಕು ಸೂಸಿ ಬಣ್ಣ ತೋರಿಸುತ್ತದೆ, ಕಾಗದ ಬಿದ್ದ ಬೆಳಕನ್ನು ಮರಳಿಸಿ ತೋರಿಸುತ್ತದೆ. ಕಣ್ಣು ಕುಕ್ಕುವ ನೀಲಿ, ಎಲೆ ಚಿಗುರಿನ ಹಸಿರು, ಕಾವಿಯ ಕಿತ್ತಳೆ ನಾಲ್ಕು ಶಾಯಿಗಳ ವ್ಯಾಪ್ತಿಗೆ ಸಿಗುವುದಿಲ್ಲ. ಆರ್‌ಜಿಬಿಯಲ್ಲಿ 0, 0, 255 ಎಂಬ ಶುದ್ಧ ನೀಲಿ ಸಿಎಂವೈಕೆಗೆ ಬಂದಾಗ ಸಿಯಾನಿಗೆ ಹೆಚ್ಚುಕಡಿಮೆ ಸಮನಾಗಿ ಮಜೆಂಟಾ ಸೇರಿ ನೇರಳೆಯಾಗುತ್ತದೆ. ನೀಲಿ ನೀಲಿಯಾಗಿಯೇ ಇರಬೇಕಾದರೆ ಮಜೆಂಟಾ ಸಿಯಾನಿಗಿಂತ ಕನಿಷ್ಠ 30 ಅಂಶ ಕೆಳಗಿರಲಿ: ಸಿಯಾನ್ 100 ಇದ್ದರೆ ಮಜೆಂಟಾ 70 ದಾಟದಿರಲಿ.

ರಾಜ್ಯೋತ್ಸವದ ಹೊತ್ತಿಗೆ ಬರುವ ಪುಸ್ತಕ, ಪೋಸ್ಟರುಗಳಲ್ಲಿ ಹಳದಿ-ಕೆಂಪು ಬಾವುಟ ಇದ್ದೇ ಇರುತ್ತದೆ. ಮಜೆಂಟಾ 100, ಹಳದಿ 100 ಕೊಟ್ಟರೆ ಕೆಂಪು. ಹಳದಿ 100ಕ್ಕೆ 10ರಷ್ಟು ಮಜೆಂಟಾ ಸೇರಿಸಿದರೆ ಅರಿಶಿನದ ಕಳೆ. ಆರ್‌ಜಿಬಿಯಿಂದ ಬಂದ ಹಳದಿಯಲ್ಲಿ ಒಂದೆರಡು ಅಂಶ ಸಿಯಾನ್ ನುಸುಳಿಬಿಟ್ಟಿದ್ದರೆ ಅದು ಹಸಿರು ಛಾಯೆಗೆ ಹೊರಳುತ್ತದೆ. ಔಟ್‌ಪುಟ್ ಪ್ರಿವ್ಯೂನಲ್ಲಿ ಕರ್ಸರನ್ನು ಹಳದಿಯ ಮೇಲಿಟ್ಟು ಸಿಯಾನ್ ಸೊನ್ನೆ ಇದೆಯೇ ಎಂದು ನೋಡುವುದು ಕ್ಷಣದ ಕೆಲಸ.

ಒಟ್ಟಾರೆ ಚಿತ್ರ ಮಂಕಾಗಿ, ಕತ್ತಲೆಯಾಗಿ ಬಂದಿದ್ದರೆ ಕಾಗದವನ್ನು ಗಮನಿಸಿ. ಫೈಲಿನ ಶೇಕಡಾ 50ರ ಚುಕ್ಕಿ ಮ್ಯಾಪ್‌ಲಿಥೊ ಮೇಲೆ ಹರಡಿ 70ರ ಸುಮಾರಿಗೆ ಬೆಳೆಯುತ್ತದೆ. ಆರ್ಟ್ ಪೇಪರಿಗೆಂದು ಕೋಟೆಡ್ ಫೋಗ್ರಾ39 ಪ್ರೊಫೈಲಿನಲ್ಲಿ ತಿರುಗಿಸಿದ ಚಿತ್ರವನ್ನು ಮ್ಯಾಪ್‌ಲಿಥೊ ಮೇಲೆ ಅಚ್ಚು ಹಾಕಿದರೆ ನೆರಳಿನ ವಿವರವೆಲ್ಲ ಮುಳುಗುತ್ತದೆ. ಅಡೋಬ್ ತಂತ್ರಾಂಶಗಳ ಜೊತೆ ಅನ್‌ಕೋಟೆಡ್ ಕಾಗದದ ಪ್ರೊಫೈಲೂ ಬರುತ್ತದೆ. ಮೂಲ ಆರ್‌ಜಿಬಿ ಚಿತ್ರದಿಂದ ಅದಕ್ಕೆ ಹೊಸದಾಗಿ ತಿರುಗಿಸಿ. ಒಮ್ಮೆ ಸಿಎಂವೈಕೆ ಆದದ್ದನ್ನು ಮತ್ತೆ ಆರ್‌ಜಿಬಿಗೆ, ಮತ್ತೆ ಸಿಎಂವೈಕೆಗೆ ಎಳೆದಾಡಿದರೆ ಪ್ರತಿ ಸಲವೂ ಬಣ್ಣ ಸ್ವಲ್ಪ ಸಾಯುತ್ತದೆ.

ಬಣ್ಣದ ವಿಷಯದಲ್ಲಿ ಪ್ರೆಸ್ಸಿನವರೊಡನೆ ವಾದ ಮಾಡುವ ಮುನ್ನ, ಒಪ್ಪಿಗೆಯಾದ ಪ್ರೂಫ್ ಕೈಯಲ್ಲಿದೆಯೇ ಎಂದು ನೋಡಿಕೊಳ್ಳಿ. ಮೊಬೈಲ್ ಪರದೆ ತೋರಿಸಿ "ಹೀಗೆ ಬರಬೇಕಿತ್ತು" ಎನ್ನುವುದು ನ್ಯಾಯವಲ್ಲ.

ಚಿತ್ರ ಮಸುಕಾದಾಗ

ಡೆಮಿ 1/8 ಪುಸ್ತಕದ ಮುಖಪುಟ 5.5 ಇಂಚು ಅಗಲ, 8.5 ಇಂಚು ಎತ್ತರ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 1650 ಅಗಲ, 2550 ಎತ್ತರದ ಚಿತ್ರ ಬೇಕು, ಕಟಿಂಗ್ ಗೆರೆಯ ಆಚೆ ಚಾಚುವ ಬ್ಲೀಡ್ ಬೇರೆ. 1200 ಪಿಕ್ಸೆಲ್ ಅಗಲದ ಫೋಟೊ ಅಲ್ಲಿ ಕೂತರೆ ಇಂಚಿಗೆ ಸಿಗುವುದು 218. ಇನ್‌ಡಿಸೈನ್‌ನ ಲಿಂಕ್ಸ್ ಫಲಕದಲ್ಲಿ ಆಕ್ಚುಯಲ್ ಪಿಪಿಐ (ಇಂಚಿಗೆ ಪಿಕ್ಸೆಲ್) ನೋಡಿ ಸಮಾಧಾನಪಡಬೇಡಿ, ಎಫೆಕ್ಟಿವ್ ಪಿಪಿಐ ನೋಡಿ. ಚಿತ್ರವನ್ನು ಎಳೆದು ದೊಡ್ಡದು ಮಾಡಿದಷ್ಟೂ ಅದು ಇಳಿಯುತ್ತದೆ. 72 ಇದ್ದ ಜಾಗದಲ್ಲಿ 300 ಎಂದು ಟೈಪ್ ಮಾಡಿ ರೀಸ್ಯಾಂಪಲ್ ಮಾಡಿದರೆ ಸಂಖ್ಯೆ ಏರುತ್ತದೆ, ಇಲ್ಲದ ವಿವರ ಹುಟ್ಟುವುದಿಲ್ಲ. ಲೇಖಕರಿಗೆ ಫೋಟೊ ಕೇಳುವಾಗ "ವಾಟ್ಸಾಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ" ಎಂದು ಸೇರಿಸಿ, ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ. ರೇಖಾಚಿತ್ರ, ಹಸ್ತಾಕ್ಷರ, ಹಳೆಯ ಶಾಸನದ ಪಡಿಯಚ್ಚು ಮುಂತಾದ ಬರೀ ಕಪ್ಪು-ಬಿಳುಪಿನ ಚಿತ್ರಗಳಿಗೆ 300 ಸಾಲದು, 1200ರಲ್ಲಿ ಸ್ಕ್ಯಾನ್ ಮಾಡಿಸಿ.

ಅಭಿನಂದನ ಗ್ರಂಥಗಳಲ್ಲಿ ಇನ್ನೊಂದು ದೋಷ ಕಾಣುತ್ತದೆ: ಹಳೆಯ ಫೋಟೊಗಳ ಮೇಲೆ ಜಾಲರಿಯಂಥ ಅಲೆಗಳು. ಮೂಲ ಫೋಟೊ ಸಿಗದೆ ಪತ್ರಿಕೆಯಲ್ಲೋ ಪುಸ್ತಕದಲ್ಲೋ ಅಚ್ಚಾದ ಚಿತ್ರವನ್ನು ಸ್ಕ್ಯಾನ್ ಮಾಡಿದಾಗ, ಅದರಲ್ಲಿರುವ ಹಳೆಯ ಚುಕ್ಕಿಗಳ ಮೇಲೆ ನಮ್ಮ ಪ್ಲೇಟಿನ ಚುಕ್ಕಿಗಳು ಬಿದ್ದು ಈ ಅಲೆ ಏಳುತ್ತದೆ. ಸ್ಕ್ಯಾನರಿನ ಡಿಸ್ಕ್ರೀನ್ ಆಯ್ಕೆ ಹಾಕಿ ಮತ್ತೆ ಸ್ಕ್ಯಾನ್ ಮಾಡಿ, ಚಿತ್ರವನ್ನು ಆದಷ್ಟು ಚಿಕ್ಕದಾಗಿ ಬಳಸಿ. ಆ ಫೋಟೊದ ಮನೆಯವರ ಹತ್ತಿರ ಮೂಲ ಪ್ರತಿ ಇದೆಯೇ ಎಂದು ಇನ್ನೊಮ್ಮೆ ವಿಚಾರಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಮಾಯವಾದದ್ದು, ಬೇಡದೆ ಬಂದದ್ದು

ಪರದೆಯಲ್ಲಿದ್ದ ಬಿಳಿ ಅಕ್ಷರ ಅಥವಾ ಬಿಳಿ ಲೋಗೊ ಕಾಗದದಲ್ಲಿ ಇಲ್ಲವೇ ಇಲ್ಲ ಎಂದಾದರೆ ಓವರ್‌ಪ್ರಿಂಟ್ ಕಡೆಗೇ ಮೊದಲು ನೋಡಿ. ಕಪ್ಪು ಅಕ್ಷರವನ್ನು ಹಿನ್ನೆಲೆಯ ಮೇಲೆಯೇ ಅಚ್ಚು ಹಾಕು ಎಂಬ ಸೂಚನೆ ಅದಕ್ಕೆ ಅಂಟಿಕೊಂಡಿರುತ್ತದೆ. ಆಮೇಲೆ ಯಾರೋ ಆ ಅಕ್ಷರವನ್ನು ಬಿಳಿ ಮಾಡುತ್ತಾರೆ, ಸೂಚನೆ ಹಾಗೇ ಉಳಿಯುತ್ತದೆ. ಬಿಳಿ ಎಂದರೆ ಶಾಯಿ ಇಲ್ಲ. ಹಿನ್ನೆಲೆಯನ್ನು ಕೊರೆಯದೆ ಶಾಯಿಯಿಲ್ಲದ ಅಕ್ಷರ ಅಚ್ಚಾಗಬೇಕೆಂದರೆ ಅಲ್ಲಿ ಏನೂ ಬರುವುದಿಲ್ಲ. ಅಕ್ರೊಬ್ಯಾಟ್ ರೀಡರ್ ತಾನಾಗಿ ಓವರ್‌ಪ್ರಿಂಟ್ ತೋರಿಸುವುದು ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್ ಬಗೆಯ ಫೈಲುಗಳಿಗೆ ಮಾತ್ರ, ಹಾಗಾಗಿ ಸಾದಾ ಪಿಡಿಎಫ್‌ನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ. ಪ್ರಿಫರೆನ್ಸಸ್‌ನ ಪೇಜ್ ಡಿಸ್‌ಪ್ಲೇಯಲ್ಲಿ ಓವರ್‌ಪ್ರಿಂಟ್ ಪ್ರಿವ್ಯೂವನ್ನು ಆಲ್ವೇಸ್ ಎಂದು ಬದಲಿಸಿಟ್ಟರೆ ಈ ದೋಷ ಪ್ರೆಸ್ಸಿಗೆ ಹೋಗುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಇನ್ನು ನೆರಳು, ಪಾರದರ್ಶಕ ಬಣ್ಣ ಇರುವ ಜಾಗದಲ್ಲಿ ಕೂದಲಿನಂಥ ಬಿಳಿ ಗೆರೆ. ಪಿಡಿಎಫ್ ಅನ್ನು ಬಹಳ ದೊಡ್ಡದಾಗಿಸಿ ನೋಡಿ. ಎಷ್ಟು ಹಿಗ್ಗಿಸಿದರೂ ಗೆರೆ ಅಷ್ಟೇ ತೆಳುವಾಗಿದ್ದರೆ ಅದು ಪರದೆಯ ಭ್ರಮೆ, ಕಾಗದಕ್ಕೆ ಬರುವುದಿಲ್ಲ. ಹಿಗ್ಗಿಸಿದಂತೆ ಗೆರೆಯೂ ದಪ್ಪವಾದರೆ ಅದು ನಿಜವಾದ ಸಂದು. ಪಿಡಿಎಫ್/ಎಕ್ಸ್-1ಎ ಪಾರದರ್ಶಕತೆಯನ್ನು ಒಪ್ಪದೆ ಚಿತ್ರವನ್ನು ತುಂಡು ಮಾಡಿ ಜೋಡಿಸುತ್ತದೆ, ಎಕ್ಸ್-4 ಹಾಗೆ ಮಾಡದೆ ಇದ್ದಂತೆಯೇ ಕಳಿಸುತ್ತದೆ. ಪ್ರೆಸ್ಸಿನ ವ್ಯವಸ್ಥೆ ಹೊಸದಾಗಿದ್ದರೆ ಎಕ್ಸ್-4 ಕೊಡಿ.

ಲೆಕ್ಕಕ್ಕಿಂತ ಹೆಚ್ಚು ಪ್ಲೇಟು ಬಂತು ಎಂದು ಪ್ರೆಸ್ಸಿನವರು ಹೇಳಿದರೆ ಫೈಲಿನಲ್ಲಿ ನಾಲ್ಕು ಶಾಯಿಗಳ ಹೊರತಾದ ಸ್ಪಾಟ್ ಬಣ್ಣ ಉಳಿದಿದೆ. ಚಿನ್ನದ ಫಾಯಿಲ್‌ಗೆ ಬೇಕೆಂದೇ ಇಟ್ಟದ್ದಾದರೆ ಸರಿ, ಇಲ್ಲದಿದ್ದರೆ ಪ್ರೊಸೆಸ್‌ಗೆ, ಅಂದರೆ ಆ ನಾಲ್ಕು ಶಾಯಿಗಳಿಗೆ, ತಿರುಗಿಸಿ.

ಕಟಿಂಗ್ ಮತ್ತು ಬೆನ್ನು

ಅಂಚಿನಲ್ಲಿ ಬಿಳಿ ಪಟ್ಟಿ ಉಳಿದಿದ್ದರೆ ಬ್ಲೀಡ್ ಇಲ್ಲ. ವಿನ್ಯಾಸದಲ್ಲಿ ಇದ್ದರೂ ಪಿಡಿಎಫ್ ತೆಗೆಯುವಾಗ ಡಾಕ್ಯುಮೆಂಟ್ ಬ್ಲೀಡ್ ಆಯ್ಕೆಗೆ ಟಿಕ್ ಹಾಕದಿದ್ದರೆ ಅದು ಹೊರಗುಳಿಯುತ್ತದೆ. ನಾಲ್ಕೂ ಕಡೆ 3 ಮಿಲಿಮೀಟರ್ ಹೊರಗೆ ಚಾಚಿರಲಿ, ಅಕ್ಷರಗಳು ಕಟಿಂಗ್ ಗೆರೆಯಿಂದ ಕನಿಷ್ಠ 5 ಮಿಲಿಮೀಟರ್ ಒಳಗಿರಲಿ. ಅಂಚಿಗೆ ಹತ್ತಿ ಚೌಕಟ್ಟು ಹಾಕುವ ಆಸೆ ಬಿಡುವುದು ಒಳ್ಳೆಯದು. ಒಂದು ಮಿಲಿಮೀಟರ್ ಕಟಿಂಗ್ ಸರಿದರೂ ಚೌಕಟ್ಟು ಓರೆಯಾಗಿ ಕಾಣುತ್ತದೆ.

ಬೆನ್ನಿನ ಹೆಸರು ಮುಖಪುಟಕ್ಕೆ ಜಾರಿದ್ದರೆ ಬೆನ್ನಿನ ಅಗಲದ ಲೆಕ್ಕ ತಪ್ಪಿದೆ. 200 ಪುಟ ಎಂದರೆ 100 ಹಾಳೆ. ಹಾಳೆಯೊಂದು ಸುಮಾರು 0.1 ಮಿಲಿಮೀಟರ್ ಇದ್ದರೆ ಬೆನ್ನು 10 ಮಿಲಿಮೀಟರ್. ಆದರೆ ಒಂದೇ 80 ಜಿಎಸ್‌ಎಂ ಕಾಗದವೂ ಮಿಲ್ಲಿನಿಂದ ಮಿಲ್ಲಿಗೆ ದಪ್ಪದಲ್ಲಿ ಬೇರೆಯಾಗುತ್ತದೆ. ಲೆಕ್ಕ ನಂಬುವ ಬದಲು ಅದೇ ಕಾಗದದ, ಅಷ್ಟೇ ಪುಟದ ಖಾಲಿ ಡಮ್ಮಿ ಕಟ್ಟಿಸಿ ಅಳೆಯಿರಿ. ಬೆನ್ನಿಗೆ ಬೇರೆ ಬಣ್ಣ ಕೊಡದೆ ಮುಖಪುಟದ ಬಣ್ಣವನ್ನೇ ಹರಿಸಿದರೆ ಸಣ್ಣ ತಪ್ಪು ಎದ್ದು ಕಾಣುವುದಿಲ್ಲ. ಪುಟಗಳ ಕ್ರಮ ಕೆಟ್ಟಿದ್ದರೆ, ಎದುರುಬದುರು ಪುಟಗಳನ್ನು ಜೋಡಿಯಾಗಿ ಪಿಡಿಎಫ್ ಮಾಡಿ ಕೊಟ್ಟಿದ್ದೀರಾ ನೋಡಿ. ಒಂದೇ ಶೀಟಿನಲ್ಲಿ ಅಚ್ಚಾಗುವ 16 ಪುಟದ ಫಾರಂ ಜೋಡಿಸುವುದು ಪ್ರೆಸ್ಸಿನ ಕೆಲಸ, ಅವರಿಗೆ ಬಿಡಿ ಪುಟಗಳೇ ಬೇಕು.

ತಿದ್ದಿ ಮರಳಿ ಕಳಿಸುವಾಗ

ಕಾರಣ ಸಿಕ್ಕ ಮೇಲೆ ಆ ಒಂದನ್ನು ಮಾತ್ರ ತಿದ್ದಿ. ಹಳೆಯ ಪಿಡಿಎಫ್ ಮತ್ತು ಹೊಸತನ್ನು ಅಕ್ರೊಬ್ಯಾಟ್ ಪ್ರೊದ ಕಂಪೇರ್ ಫೈಲ್ಸ್‌ನಲ್ಲಿ ಹೋಲಿಸಿ, ತಿದ್ದಿದ್ದರ ಹೊರತು ಬೇರೇನೂ ಕದಲಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಇಂಥ ಸಾಧನ ಕನ್ನಡ ಪಠ್ಯವನ್ನು ಓದುವಾಗ ಎಡವಬಹುದು, ಆದ್ದರಿಂದ ತಿದ್ದಿದ ಪುಟವನ್ನೂ ಅದರ ನಂತರದ ಎರಡು ಪುಟಗಳನ್ನೂ ಕಣ್ಣಾರೆ ಓದಿ, ಸಾಲು ಹರಿದು ಮುಂದಿನ ಪುಟಕ್ಕೆ ಜಾರಿರಬಹುದು. ಫೈಲಿನ ಹೆಸರಿಗೆ ದಿನಾಂಕ ಸೇರಿಸಿ. 'ಫೈನಲ್', 'ಹೊಸ ಫೈನಲ್' ಎಂಬ ಹೆಸರಿನ ಫೈಲುಗಳಲ್ಲಿ ಹಳೆಯದೇ ಪ್ಲೇಟಿಗೆ ಹೋಗುವುದು ಪ್ರೆಸ್ಸಿನಲ್ಲಿ ಅಪರೂಪವಲ್ಲ.

ಇಡೀ ಪುಸ್ತಕದ ಫೈಲನ್ನು ಮತ್ತೆ ಕಳಿಸಬೇಡಿ, ಬದಲಾದ ಪುಟದ ಸಂಖ್ಯೆ ಬರೆದು ಆ ಪುಟ ಮಾತ್ರ ಕಳಿಸಿ. ಒಳಪುಟವಾದರೆ ಆ ಪುಟ ಬೀಳುವ ಫಾರಂನ ಒಂದು ಬದಿಯ ಪ್ಲೇಟು ಹೊಸದಾದರೆ ಸಾಕು. ಮುಖಪುಟದಲ್ಲಿ ಬರೀ ಕಪ್ಪು ಅಕ್ಷರ ತಿದ್ದಿದ್ದರೆ, ಆ ಅಕ್ಷರ ಓವರ್‌ಪ್ರಿಂಟ್ ಆಗಿದ್ದ ಪಕ್ಷದಲ್ಲಿ, ಉಳಿದ ಮೂರು ಪ್ಲೇಟು ಹಾಗೇ ನಡೆಯುತ್ತವೆ. ಔಟ್‌ಪುಟ್ ಪ್ರಿವ್ಯೂನಲ್ಲಿ ಕಪ್ಪನ್ನು ಆಫ್ ಮಾಡಿ ಹಳತು-ಹೊಸತು ಎರಡೂ ಒಂದೇ ಆಗಿ ಕಾಣುತ್ತವೆಯೇ ಎಂದು ನೋಡಿ, "ಕಪ್ಪು ಪ್ಲೇಟ್ ಮಾತ್ರ ಬದಲಿಸಿ" ಎಂದು ಬರೆದು ಕಳಿಸಿ.